ಸಂದರ್ಶನಕ್ಕೆ ಮೊದಲು ದವಾಖಾನೆಯಲ್ಲಿ ಒಂದು ಮುಂಜಾನೆ

ಬಿಕಾಂ, ಬಿಬಿಎ, ಬಿಎಸ್‌ಸಿ ಮುಗಿಸಿ ಕೆಲಸ ಹುಡುಕುತ್ತಿರುವ ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಹುಡುಗ ಹುಡುಗಿಯರಿಗೆ ದವಾಖಾನೆ ಎಂದರೆ ಡಾಕ್ಟರು ಮತ್ತು ಸಿಸ್ಟರು ಮಾತ್ರ. ಹೆಸರು ಬರೆಸುವ ಕೌಂಟರು, ಬಿಲ್ಲಿಂಗು, ವಿಮೆಯ ಡೆಸ್ಕು, ರೆಕಾರ್ಡ್ ರೂಮು, ಔಷಧದ ಸ್ಟೋರು ಇವನ್ನೆಲ್ಲ ನಡೆಸಲು ಜನ ಬೇಕು, ಆ ಜನ ವೈದ್ಯರಾಗಿರಬೇಕಿಲ್ಲ ಎನ್ನುವುದು ಎಷ್ಟೋ ಜನರ ಗಮನಕ್ಕೇ ಬಂದಿರುವುದಿಲ್ಲ. ಬಂದವರೂ ಸಂದರ್ಶನದ ಹಿಂದಿನ ರಾತ್ರಿ ಮೊಬೈಲ್ ತೆಗೆದು ‘ನಿಮ್ಮ ಬಗ್ಗೆ ಹೇಳಿ’ ಎಂಬ ಪ್ರಶ್ನೆಗೆ ಉತ್ತರ ಬಾಯಿಪಾಠ ಮಾಡಿಕೊಂಡು ಹೋಗುತ್ತಾರೆ. ಅದರಿಂದ ಆಗುವ ಉಪಯೋಗ ಅಷ್ಟಕ್ಕಷ್ಟೆ. ಎದುರು ಕುಳಿತವರು ತಿಳಿಯಬಯಸುವುದು ಒಂದೇ ಸಂಗತಿ: ರೋಗಿ ಬಾಗಿಲೊಳಗೆ ಬಂದ ಗಳಿಗೆಯಿಂದ ಮನೆಗೆ ಹೋಗುವ ತನಕ ಅವನ ಕಾಗದ ಎಲ್ಲೆಲ್ಲಿ ಓಡಾಡುತ್ತದೆ, ಎಲ್ಲಿ ಸಿಕ್ಕಿಬೀಳುತ್ತದೆ ಎನ್ನುವುದು ಈ ಅಭ್ಯರ್ಥಿಗೆ ಗೊತ್ತಿದೆಯೇ? ಗೊತ್ತಿದ್ದವರಿಗೆ ಉಳಿದದ್ದನ್ನು ಕಲಿಸಿಕೊಳ್ಳಬಹುದು ಎನ್ನುವುದು ಅವರ ಲೆಕ್ಕ.

ಆದ್ದರಿಂದ ಪುಸ್ತಕ ತೆಗೆಯುವ ಮೊದಲು ನಿಮ್ಮ ಊರಿನ ತಾಲೂಕು ಆಸ್ಪತ್ರೆಗೆ ಹೋಗಿ. ಸೋಮವಾರ ಮುಂಜಾನೆ ಹೋದರೆ ಒಳ್ಳೆಯದು, ಭಾನುವಾರದ ರಜೆಯ ನಂತರದ ಗದ್ದಲ ಅವತ್ತು ಇರುತ್ತದೆ. ಹೊರರೋಗಿ ವಿಭಾಗದ ಬೆಂಚಿನ ಮೇಲೆ ಒಂದು ಮೂಲೆ ಹಿಡಿದು ಕುಳಿತುಕೊಳ್ಳಿ. ಫೋಟೊ ತೆಗೆಯಬೇಡಿ, ಯಾರ ಚೀಟಿಯನ್ನೂ ಇಣುಕಬೇಡಿ. ನೋಡಬೇಕಾದದ್ದು ಸಾಲನ್ನು. ಚೀಟಿ ಮಾಡಿಸಲು ಎಷ್ಟು ಹೊತ್ತು ಹಿಡಿಯಿತು? ಡಾಕ್ಟರು ರಕ್ತ ಪರೀಕ್ಷೆ ಬರೆದ ಮೇಲೆ ಅಜ್ಜಿ ಲ್ಯಾಬ್ ಎಲ್ಲಿದೆಯೆಂದು ಎಷ್ಟು ಜನರನ್ನು ಕೇಳಿದಳು? ರಿಪೋರ್ಟ್ ಕೈಗೆ ಬರುವಷ್ಟರಲ್ಲಿ ಡಾಕ್ಟರು ವಾರ್ಡಿನ ರೌಂಡಿಗೆ ಹೋಗಿದ್ದರೆ ಆಕೆ ಎಲ್ಲಿ ಕಾದಳು? ಆಡಳಿತ ಎಂಬ ದೊಡ್ಡ ಮಾತಿನೊಳಗೆ ಇರುವುದು ಇಂಥ ಪ್ರಶ್ನೆಗಳೇ. ಸಂದರ್ಶನದಲ್ಲಿ ‘ನಮ್ಮ ಆಸ್ಪತ್ರೆಯಲ್ಲಿ ಏನು ಸುಧಾರಿಸುತ್ತೀರಿ?’ ಎಂದು ಕೇಳಿದಾಗ, ಹೀಗೆ ಕುಳಿತು ಬಂದವರ ಬಾಯಲ್ಲಿ ಬರುವ ಉತ್ತರವೇ ಬೇರೆ.

ಕೆಲಸಗಳು ಎಲ್ಲಿವೆ ಎನ್ನುವುದನ್ನು ಚಿಕ್ಕದಾಗಿ ಹೇಳುತ್ತೇನೆ. ಸರ್ಕಾರದ ಕಡೆ ರಾಷ್ಟ್ರೀಯ ಆರೋಗ್ಯ ಅಭಿಯಾನ, ಅಂದರೆ ಎನ್‌ಎಚ್‌ಎಂ. 2005ರಲ್ಲಿ ಗ್ರಾಮೀಣ ಅಭಿಯಾನವಾಗಿ ಶುರುವಾಗಿ 2013ರಲ್ಲಿ ನಗರಗಳನ್ನೂ ಸೇರಿಸಿಕೊಂಡಿತು. ಅದರಡಿ ಕಾರ್ಯಕ್ರಮ ನಿರ್ವಹಣೆ, ಲೆಕ್ಕಪತ್ರ, ಡೇಟಾ ಎಂಟ್ರಿ ಹುದ್ದೆಗಳನ್ನು ಗುತ್ತಿಗೆಯ ಮೇಲೆ ತುಂಬಿಕೊಳ್ಳುತ್ತಾರೆ. ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯ ಡೆಸ್ಕಿನಲ್ಲಿ ಕುಳಿತುಕೊಳ್ಳುವ ಆರೋಗ್ಯಮಿತ್ರರನ್ನು ಎಲ್ಲರೂ ನೋಡಿರುತ್ತೀರಿ. ಖಾಸಗಿ ಕಡೆ ನಮ್ಮ ತಾಲೂಕುಗಳ ನರ್ಸಿಂಗ್ ಹೋಮುಗಳಿವೆ. ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ದೊಡ್ಡ ಆಸ್ಪತ್ರೆಯಿದೆ. ಅದಕ್ಕೆ ಹೆಸರು ಬಂದಿರುವುದು ನಮ್ಮ ಅಂಕಲಿಯವರೇ ಆದ ಡಾ. ಪ್ರಭಾಕರ ಕೋರೆಯವರಿಂದ. ಗಡಿ ದಾಟಿದರೆ ಮಿರಜ. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಅಲ್ಲಿ ಮಿಷನ್ ಆಸ್ಪತ್ರೆ ತೆರೆದಂದಿನಿಂದ ಅದು ದವಾಖಾನೆಗಳ ಊರು. ಅಥಣಿ, ಕಾಗವಾಡದ ಹಿರಿಯರಿಗೆ ದೊಡ್ಡ ಬೇನೆ ಬಂತೆಂದರೆ ಇಂದಿಗೂ ಮೊದಲು ನೆನಪಾಗುವುದು ಅದೇ.

ಸರ್ಕಾರಿ ಹುದ್ದೆಯ ಸಂದರ್ಶನಕ್ಕೆ ಹೋಗುವವರು ಒಂದು ಗೊಂದಲವನ್ನು ಮೊದಲೇ ಬಗೆಹರಿಸಿಕೊಳ್ಳಬೇಕು. ತಾಲೂಕು ಆಸ್ಪತ್ರೆಯನ್ನು ನಡೆಸುವವರು ಅಲ್ಲಿಯ ಆಡಳಿತ ವೈದ್ಯಾಧಿಕಾರಿ. ತಾಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳು, ಲಸಿಕೆ, ಕ್ಷಯ, ಡೆಂಗಿ ಮುಂತಾದ ಕಾರ್ಯಕ್ರಮಗಳನ್ನು ನೋಡಿಕೊಳ್ಳುವವರು ತಾಲೂಕು ಆರೋಗ್ಯಾಧಿಕಾರಿ. ಇಬ್ಬರೂ ಬೇರೆ ಬೇರೆ, ಕಡತಗಳೂ ಬೇರೆ. ಇವರ ಮೇಲೆ ಬೆಳಗಾವಿಯಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ. ಜಿಲ್ಲೆ ದೊಡ್ಡದಾದ್ದರಿಂದ ಚಿಕ್ಕೋಡಿಯಲ್ಲಿ ಹೆಚ್ಚುವರಿ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯೂ ಇದೆ. ಬಯಲು ಸೀಮೆಯಲ್ಲಿ ಸುಮಾರು 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನಕ್ಕೆ ಒಂದು ಉಪಕೇಂದ್ರ ಎಂಬುದು ರಾಷ್ಟ್ರೀಯ ಮಾನದಂಡ. ನಿಮ್ಮ ಊರು ಯಾವ ಕೇಂದ್ರದ ವ್ಯಾಪ್ತಿಗೆ ಬರುತ್ತದೆ ಎಂದು ಕೇಳಿದರೆ ತಡವರಿಸಬಾರದು.

ಈಗ ಕಾಗದದ ಹಾದಿಗೆ ಬರೋಣ. ಅದರಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಡಿಸ್ಚಾರ್ಜ್. ಖಾಸಗಿ ಆಸ್ಪತ್ರೆಯ ಸಂದರ್ಶನದಲ್ಲಿ ಹೀಗೊಂದು ಸನ್ನಿವೇಶ ಕೊಡಬಹುದು: ಆರೋಗ್ಯ ವಿಮೆ ಇರುವ ರೋಗಿಗೆ ಬೆಳಿಗ್ಗೆ ಒಂಬತ್ತಕ್ಕೆ ಡಾಕ್ಟರು ‘ಇವತ್ತು ಮನೆಗೆ ಹೋಗಬಹುದು’ ಎಂದಿದ್ದಾರೆ. ಮಧ್ಯಾಹ್ನ ಎರಡಾದರೂ ಬಿಲ್ ಆಗಿಲ್ಲ. ರೋಗಿಯ ಮಗ ಕೌಂಟರಿಗೆ ಬಂದು, ‘ಡಾಕ್ಟರ್ ಬಿಟ್ಟು ಐದು ತಾಸಾತ್ರಿ, ಗಾಡಿ ಬಾಡಿಗಿ ಏರಾಕತ್ತೈತಿ, ನಮ್ಮನ್ಯಾಕ್ರೀ ಕೂಡ್ರಿಸೀರಿ?’ ಎಂದು ದನಿ ಏರಿಸುತ್ತಾನೆ. ನೀವೇನು ಮಾಡುತ್ತೀರಿ?

ಹೊಸಬರು ಸಾಮಾನ್ಯವಾಗಿ ‘ವಿಮಾ ಕಂಪನಿಯವರು ತಡ ಮಾಡುತ್ತಿದ್ದಾರೆ ಎಂದು ಸಮಾಧಾನ ಹೇಳುತ್ತೇನೆ’ ಎನ್ನುತ್ತಾರೆ. ಸ್ವಲ್ಪ ನಿಧಾನಿಸಿ ಯೋಚಿಸಿ. ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಮೇ ತಿಂಗಳಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ನಗದುರಹಿತ ಚಿಕಿತ್ಸೆಯ ಮೊದಲ ಕೋರಿಕೆಗೆ ಕಂಪನಿ ಒಂದು ಗಂಟೆಯೊಳಗೆ ಉತ್ತರಿಸಬೇಕು, ಡಿಸ್ಚಾರ್ಜಿನ ಅಂತಿಮ ಒಪ್ಪಿಗೆಯನ್ನು ಮೂರು ಗಂಟೆಯೊಳಗೆ ಕೊಡಬೇಕು. ಆದರೆ ಆ ಮೂರು ಗಂಟೆಯ ಗಡಿಯಾರ ಓಡಲು ಶುರುವಾಗುವುದು ಆಸ್ಪತ್ರೆಯ ಕೋರಿಕೆ ಕಂಪನಿಗೆ ತಲುಪಿದ ಮೇಲೆ. ಡಾಕ್ಟರು ಒಂಬತ್ತಕ್ಕೆ ಬಾಯಿಮಾತಿನಲ್ಲಿ ಹೇಳಿದರು. ಡಿಸ್ಚಾರ್ಜ್ ಸಾರಾಂಶಕ್ಕೆ ಸಹಿ ಬಿದ್ದದ್ದು ಎಷ್ಟಕ್ಕೆ? ಉಳಿದ ಔಷಧ ವಾಪಸು ಹೋಗಿ ಫಾರ್ಮಸಿಯ ಲೆಕ್ಕ ಮುಗಿದದ್ದು ಎಷ್ಟಕ್ಕೆ? ಲ್ಯಾಬಿನ ಕೊನೆಯ ರಿಪೋರ್ಟು ಫೈಲಿಗೆ ಸೇರಿತ್ತೇ? ಇವೆಲ್ಲ ಮುಗಿದು ಕೋರಿಕೆ ಹೋದದ್ದೇ ಒಂದೂವರೆಗೆ ಎಂದಾದರೆ ತಡ ಆಸ್ಪತ್ರೆಯೊಳಗಿನದು, ಕಂಪನಿಯ ಮೇಲೆ ಹಾಕುವುದು ಸುಳ್ಳಾಗುತ್ತದೆ.

ಹಾಗಾಗಿ ಉತ್ತರ ಎರಡು ಭಾಗದಲ್ಲಿ ಬರಲಿ. ಮೊದಲು ಆ ಮನುಷ್ಯ. ಅವನನ್ನು ಕೂರಿಸಿ, ಫೈಲು ಈಗ ಯಾರ ಟೇಬಲ್ ಮೇಲಿದೆಯೆಂದು ಫೋನ್ ಮಾಡಿ ತಿಳಿದು, ‘ಕೋರಿಕೆ ಒಂದೂವರೆಗೆ ಹೋಗಿದೆ, ಅರ್ಧ ತಾಸಿಗೊಮ್ಮೆ ನಾನೇ ಬಂದು ಹೇಳುತ್ತೇನೆ’ ಎನ್ನುವುದು. ಆಮೇಲೆ ವ್ಯವಸ್ಥೆ. ನಾಳೆ ಬಿಡುಗಡೆಯಾಗುವವರ ಪಟ್ಟಿಯನ್ನು ಇವತ್ತು ಸಂಜೆಯೇ ವಾರ್ಡಿನಿಂದ ತರಿಸಿಕೊಳ್ಳುವುದು, ಸಾರಾಂಶದ ಕರಡನ್ನು ರಾತ್ರಿಯೇ ಸಿದ್ಧ ಮಾಡಿಸಿಡುವುದು. ಇಷ್ಟನ್ನು ನಿಧಾನವಾಗಿ ಹೇಳಿದರೆ ಸಮಿತಿಯವರು ಪೆನ್ನು ಕೆಳಗಿಟ್ಟು ಕೇಳುತ್ತಾರೆ, ಏಕೆಂದರೆ ಅವರು ದಿನಾ ಅನುಭವಿಸುವ ತಲೆನೋವೇ ಇದು.

ಸರ್ಕಾರಿ ಯೋಜನೆಗಳ ಬಗ್ಗೆ ಕೇಳದೆ ಯಾವ ಸಂದರ್ಶನವೂ ಮುಗಿಯುವುದಿಲ್ಲ. ಆರೋಗ್ಯ ಕರ್ನಾಟಕ 2018ರ ಮಾರ್ಚಿನಲ್ಲಿ ಬಂತು, ಅದೇ ವರ್ಷ ಅಕ್ಟೋಬರ್ ಕೊನೆಗೆ ಆಯುಷ್ಮಾನ್ ಭಾರತದೊಂದಿಗೆ ಕೂಡಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ತನಕ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ತುರ್ತು ಅಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಜನ ಎಡವುವುದು ಈ ಪತ್ರದ ಹತ್ತಿರವೇ. ಪತ್ರವಿಲ್ಲದೆ ನೇರ ಬೆಳಗಾವಿಗೆ ಹೋಗಿ, ಅಲ್ಲಿಂದ ತಿರುಗಿ ಚಿಕ್ಕೋಡಿಗೆ ಬಂದು, ಮತ್ತೆ ಬೆಳಗಾವಿ ಬಸ್ ಹತ್ತುವ ಕುಟುಂಬಗಳ ಪಾಡು ನೋಡಿದರೆ ಕರುಳು ಚುರ್ ಎನ್ನುತ್ತದೆ. ಇನ್ನೊಂದು ಯಶಸ್ವಿನಿ. ಸಹಕಾರ ಸಂಘದ ಸದಸ್ಯರಿಗೆಂದು 2003ರಲ್ಲಿ ಜಾರಿಗೆ ಬಂದು, 2018ರಲ್ಲಿ ನಿಂತು, 2022ರ ಕೊನೆಗೆ ಮತ್ತೆ ಆರಂಭವಾಯಿತು. ಸಕ್ಕರೆ ಕಾರ್ಖಾನೆ, ಹಾಲಿನ ಡೇರಿ, ಕೃಷಿ ಪತ್ತಿನ ಸಂಘ ಊರೂರಿಗೂ ಹಬ್ಬಿರುವ ನಮ್ಮ ಸೀಮೆಯಲ್ಲಿ ಇದರ ಅರಿವಿಲ್ಲದೆ ಕೌಂಟರಿನಲ್ಲಿ ಕೂರಲಾಗದು.

ಗಡಿಯ ಆಸ್ಪತ್ರೆಗಳಲ್ಲಿ ಹುಟ್ಟುವ ಪ್ರಶ್ನೆ ಇದಕ್ಕಿಂತ ಕಠಿಣ. ಶೇಡಬಾಳದ ರೋಗಿ, ಚಿಕಿತ್ಸೆ ಮಿರಜದಲ್ಲಿ, ಕಾರ್ಡು ನಡೆಯುತ್ತದೆಯೇ? ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯ ನಿಯಮಗಳೇ ಬೇರೆ, ನಮ್ಮವೇ ಬೇರೆ, ಆಸ್ಪತ್ರೆಯ ನೋಂದಣಿಯೂ ಬೇರೆ. ಸಂದರ್ಶನದಲ್ಲಿ ಇದನ್ನು ಕೇಳಿದರೆ ‘ನಡೆಯುತ್ತದೆ’ ಅಥವಾ ‘ನಡೆಯುವುದಿಲ್ಲ’ ಎಂದು ಥಟ್ಟನೆ ಹೇಳುವುದು ಜಾಣತನವಲ್ಲ. ರೋಗಿಯ ಕಾರ್ಡ್ ಸಂಖ್ಯೆ, ಬೇನೆಯ ಪ್ಯಾಕೇಜು, ಆಸ್ಪತ್ರೆ ನೋಂದಾಯಿತವೇ ಎಂಬ ಮೂರನ್ನೂ ಪೋರ್ಟಲ್ಲಿನಲ್ಲಿ ನೋಡಿಯೇ ಹೇಳುತ್ತೇನೆ ಎನ್ನಿ. ಒಂದು ಸಡಿಲ ಮಾತಿನಿಂದ ಬಡ ಕುಟುಂಬ ಸಾಲ ಮಾಡಿಬಿಡುತ್ತದೆ. ನೋಡಿ ಹೇಳುತ್ತೇನೆ ಎನ್ನುವುದಕ್ಕೆ ಈ ಕೆಲಸದಲ್ಲಿ ಯಾರೂ ಅಂಕ ಕಡಿಮೆ ಮಾಡಬಾರದು, ಮಾಡುವುದೂ ಇಲ್ಲ.

ಲೆಕ್ಕಕ್ಕೆ ಹೆದರುವವರಿಗಾಗಿ ಎರಡೇ ಸೂತ್ರ. 50 ಹಾಸಿಗೆಯ ಆಸ್ಪತ್ರೆ ಎಂದುಕೊಳ್ಳಿ, ತಿಂಗಳು 30 ದಿನ. 50ನ್ನು 30ರಿಂದ ಗುಣಿಸಿದರೆ 1,500. ಅಂದರೆ ಆ ತಿಂಗಳು ಕೊಡಬಹುದಾಗಿದ್ದ ಹಾಸಿಗೆ-ದಿನಗಳು ಅಷ್ಟು. ಪ್ರತಿ ರಾತ್ರಿ ಹನ್ನೆರಡಕ್ಕೆ ಎಣಿಸಿದ ಒಳರೋಗಿಗಳ ಸಂಖ್ಯೆಯನ್ನು ತಿಂಗಳಿಡೀ ಕೂಡಿಸಿದಾಗ 1,050 ಬಂತು. 1,050ನ್ನು 1,500ರಿಂದ ಭಾಗಿಸಿ ನೂರರಿಂದ ಗುಣಿಸಿ: ಹಾಸಿಗೆ ಭರ್ತಿಯ ಪ್ರಮಾಣ ಶೇ. 70. ಅದೇ ತಿಂಗಳು ಬಿಡುಗಡೆಯಾದವರು 300 ಮಂದಿ ಎಂದರೆ, 1,050ನ್ನು 300ರಿಂದ ಭಾಗಿಸಿ: ಸರಾಸರಿ ವಾಸ ಮೂರೂವರೆ ದಿನ. ಸೂತ್ರ ಹೇಳಿದೊಡನೆ ‘ಶೇ. 70 ಒಳ್ಳೆಯದೋ ಕೆಟ್ಟದ್ದೋ?’ ಎಂಬ ಮರುಪ್ರಶ್ನೆ ಬರುತ್ತದೆ. ಒಂದೇ ಅಂಕಿ ನೋಡಿ ತೀರ್ಪು ಕೊಡಬೇಡಿ. ಹೆರಿಗೆ ವಾರ್ಡಿನಲ್ಲಿ ಎಲ್ಲ ಹಾಸಿಗೆ ತುಂಬಿ ನೆಲದ ಮೇಲೆ ಚಾಪೆ ಹಾಸಿದ್ದು, ಪಕ್ಕದ ಗಂಡಸರ ವಾರ್ಡು ಅರ್ಧ ಖಾಲಿ ಇದ್ದರೂ ಸರಾಸರಿ 70 ಬರಬಹುದು. ವಾರ್ಡುವಾರು ಅಂಕಿ ಕೊಡಿ ಎಂದು ಕೇಳುವವರೇ ಆಡಳಿತಕ್ಕೆ ಬೇಕಾದವರು.

ಜೈವಿಕ ತ್ಯಾಜ್ಯದ ಬಣ್ಣಗಳನ್ನು ಬೇಗ ಹೇಳಿಬಿಡುತ್ತೇನೆ, 2016ರ ನಿಯಮದ್ದು. ರಕ್ತ ಹತ್ತಿದ ಹತ್ತಿ, ಬ್ಯಾಂಡೇಜು, ದೇಹದ ಭಾಗಗಳು ಹಳದಿಗೆ, ಸಲಾಯಿನ್ ನಳಿಕೆ, ಕೈಗವಸು, ಸೂಜಿ ತೆಗೆದ ಸಿರಿಂಜು ಕೆಂಪಿಗೆ, ಸೂಜಿ, ಬ್ಲೇಡು ತೂತಾಗದ ಬಿಳಿ ಡಬ್ಬಿಗೆ, ಗಾಜು ನೀಲಿಗೆ. ಸಂಸ್ಕರಿಸದ ತ್ಯಾಜ್ಯವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ದಾಖಲೆಗಳ ಬಗ್ಗೆ ಎರಡು ಅಂಕಿ ನೆನಪಿರಲಿ: ವೈದ್ಯಕೀಯ ಪರಿಷತ್ತಿನ 2002ರ ನಿಯಮದಂತೆ ಒಳರೋಗಿಯ ದಾಖಲೆಯನ್ನು ಕನಿಷ್ಠ 3 ವರ್ಷ ಕಾಯ್ದಿಡಬೇಕು, ರೋಗಿ ಪ್ರತಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು.

ಪಠ್ಯಪುಸ್ತಕದಲ್ಲಿ ಸಿಗದ, ನಮ್ಮ ನೆಲದಲ್ಲಷ್ಟೇ ಸಿಗುವ ಸಿದ್ಧತೆಯೂ ಇದೆ. ಕಬ್ಬಿನ ಹಂಗಾಮು ಬಂದರೆ ಬೀಡ್ ಕಡೆಯಿಂದ, ವಿಜಯಪುರ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬಂದಿಳಿಯುತ್ತವೆ. ಅವರಲ್ಲಿ ತುಂಬುಗರ್ಭಿಣಿಯರಿರುತ್ತಾರೆ. ತಾಯಿ ಕಾರ್ಡು ಊರಲ್ಲೇ ಉಳಿದಿರುತ್ತದೆ, ರೇಷನ್ ಕಾರ್ಡು ಬೇರೆ ರಾಜ್ಯದ್ದು. ನಡುರಾತ್ರಿ ಟ್ರ್ಯಾಕ್ಟರಿನಲ್ಲಿ ಬಂದ ಹೆಣ್ಣುಮಗಳಿಗೆ ಕೌಂಟರಿನವರು ಮೊದಲು ಕಾಗದ ಕೇಳಬೇಕೋ, ಸ್ಟ್ರೆಚರ್ ತರಿಸಬೇಕೋ? ಹೊಲದಲ್ಲಿ ಹಾವು ಕಚ್ಚಿ ಬರುವವರೂ ಇರುತ್ತಾರೆ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಖಾಸಗಿ ಆಸ್ಪತ್ರೆಗಳಿಗೂ ಅದು ಅನ್ವಯಿಸುತ್ತದೆ. ವಿಷನಿರೋಧಕ ಚುಚ್ಚುಮದ್ದು ಸ್ಟೋರಿನಲ್ಲಿ ಎಷ್ಟಿದೆ, ಅವಧಿ ಯಾವಾಗ ಮುಗಿಯುತ್ತದೆ, ಹಂಗಾಮಿಗೆ ಮೊದಲು ಬೇಡಿಕೆ ಪಟ್ಟಿ ಹೋಯಿತೇ ಎಂದು ನೋಡುವುದು ವೈದ್ಯರದಷ್ಟೇ ಆಡಳಿತದವರ ಹೊಣೆಯೂ ಹೌದು. ಹಾಗೆಯೇ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು. 2019 ಮತ್ತು 2021ರ ನೆರೆಯನ್ನು ಕಂಡವರು ನಾವು. ಸೇತುವೆ ಮುಳುಗಿದ ಊರಿನ ಡಯಾಲಿಸಿಸ್ ರೋಗಿಯ ಪಟ್ಟಿ ಯಾರ ಬಳಿ ಇರಬೇಕು, ರೆಕಾರ್ಡ್ ರೂಮು ನೆಲಮಾಳಿಗೆಯಲ್ಲಿದ್ದರೆ ಜುಲೈಗೆ ಮೊದಲು ಏನು ಮಾಡಬೇಕು ಎಂದು ನೀವೇ ಯೋಚಿಸಿಟ್ಟುಕೊಂಡು ಹೋಗಿ. ಸ್ಥಳೀಯ ಅಭ್ಯರ್ಥಿಗೆ ಇರುವ ಅನುಕೂಲ ಇದು. ಬೆಂಗಳೂರಿನಲ್ಲಿ ಎಂಎಚ್‌ಎ, ಅಂದರೆ ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಪದವಿ, ಓದಿ ಬಂದವರಿಗೂ ಇದು ಸುಲಭಕ್ಕೆ ದಕ್ಕುವುದಿಲ್ಲ.

ಭಾಷೆಯ ವಿಷಯದಲ್ಲಿ ನಮ್ಮ ಮಕ್ಕಳು ವಿನಾಕಾರಣ ಕುಗ್ಗುತ್ತಾರೆ. ಇಂಗ್ಲಿಷು ಬಾರದೆಂದು ಬಾಯಿ ಕಟ್ಟಿಕೊಳ್ಳುತ್ತಾರೆ. ಇಂಗ್ಲಿಷ್ ಬೇಕು, ನಿಜ. ಇಮೇಲು, ಸಾರಾಂಶ, ಪೋರ್ಟಲ್ಲು ಎಲ್ಲ ಅದರಲ್ಲೇ ಇವೆ. ದಿನಕ್ಕೊಂದು ಚಿಕ್ಕ ಇಮೇಲ್ ಬರೆದು ಅಭ್ಯಾಸ ಮಾಡಿ. ಆದರೆ ರಾಯಬಾಗದ ಮುದುಕರಿಗೆ ‘ಬರ್ರಿ ಅಜ್ಜಾರ, ಇಲ್ಲಿ ಕೂಡ್ರಿ’ ಎಂದು, ನಿಪ್ಪಾಣಿಯ ಬೀಡಿ ಕಾರ್ಮಿಕ ಹೆಂಗಸಿಗೆ ‘ಬಸಾ ಮಾವಶಿ, ಬಘೂನ್ ಸಾಂಗತೆ’ ಎಂದು, ಕುಡಚಿಯಿಂದ ಬಂದ ಕುಟುಂಬಕ್ಕೆ ಉರ್ದುವಿನಲ್ಲಿ ಎರಡು ಮಾತು ಹೇಳಬಲ್ಲವರು ಆಸ್ಪತ್ರೆಗೆ ಎಷ್ಟು ಬೆಲೆಯುಳ್ಳವರು ಎಂಬುದು ಸಂದರ್ಶಕರಿಗೆ ಚೆನ್ನಾಗಿ ಗೊತ್ತು. ನಿಮ್ಮ ಪರಿಚಯಪತ್ರದಲ್ಲಿ ಭಾಷೆಗಳನ್ನು ಕೊನೆಯ ಸಾಲಿಗೆ ದೂಡದೆ ಮೇಲೆಯೇ ಬರೆಯಿರಿ, ಯಾವುದನ್ನು ಮಾತಾಡಬಲ್ಲಿರಿ, ಯಾವುದನ್ನು ಓದಬಲ್ಲಿರಿ ಎಂದು ಬಿಡಿಸಿ.

ಒಂದು ಪ್ರಶ್ನೆಗೆ ಮಾತ್ರ ಪ್ರತಿಯೊಬ್ಬರೂ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಬೇಕು: ರೋಗಿ ತೀರಿಕೊಂಡಿದ್ದಾರೆ, ಬಿಲ್ಲಿನಲ್ಲಿ ಒಂದು ಲಕ್ಷ ಬಾಕಿ, ಮನೆಯವರು ದೇಹ ಕೇಳುತ್ತಿದ್ದಾರೆ. ಆಸ್ಪತ್ರೆಯ ಹಣ ಉಳಿಸುವ ಹುಮ್ಮಸ್ಸಿನಲ್ಲಿ ‘ಅರ್ಧವಾದರೂ ಕಟ್ಟಿಸಿಕೊಳ್ಳುತ್ತೇನೆ’ ಎಂದವರು ತಾವು ನಿಷ್ಠೆ ತೋರಿಸಿದೆವು ಎಂದುಕೊಂಡಿರುತ್ತಾರೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದು. 2017ರ ತಿದ್ದುಪಡಿಯ ನಂತರ ಅದರಲ್ಲಿ ಈ ಬಗ್ಗೆ ಅನುಮಾನಕ್ಕೆ ಎಡೆಯಿಲ್ಲ. ಬಾಕಿಗಾಗಿ ದೇಹವನ್ನು ತಡೆಹಿಡಿಯುವಂತಿಲ್ಲ, ಹಣವನ್ನು ಆಮೇಲೆ ವಸೂಲು ಮಾಡಿಕೊಳ್ಳಬಹುದು. ತುರ್ತು ಚಿಕಿತ್ಸೆಗೆ ಮುಂಗಡ ಕಟ್ಟಲೇಬೇಕೆಂದು ಪಟ್ಟು ಹಿಡಿಯುವಂತೆಯೂ ಇಲ್ಲ. ಅಪಘಾತದಲ್ಲಿ ಗಾಯಗೊಂಡು ಬಂದವರ ಜೀವ ಉಳಿಸುವುದು ಮೊದಲ ಕರ್ತವ್ಯ, ಪೊಲೀಸ್ ವಿಧಿವಿಧಾನ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ನಿಮ್ಮ ಉತ್ತರ ಇಷ್ಟು: ದೇಹ ಬಿಟ್ಟುಕೊಡುತ್ತೇನೆ, ಮರಣದ ಕಾಗದಪತ್ರ ಸಿದ್ಧ ಮಾಡಿಸಿಕೊಡುತ್ತೇನೆ, ಕುಟುಂಬಕ್ಕೆ ಯಾವ ಯೋಜನೆಯಾದರೂ ಅನ್ವಯಿಸುತ್ತಿತ್ತೇ ಎಂದು ಪರಿಶೀಲಿಸುತ್ತೇನೆ, ಬಾಕಿಯ ವಿಷಯವನ್ನು ಬರವಣಿಗೆಯಲ್ಲಿ ಮೇಲಿನವರ ಗಮನಕ್ಕೆ ತರುತ್ತೇನೆ. ಎದುರಿಗಿರುವವರು ಇದನ್ನು ಕೇಳಿ ಮುಖ ಗಂಟಿಕ್ಕಿದರೆ, ಅಂಥ ಕಡೆ ಕೆಲಸ ಸಿಗದಿದ್ದುದಕ್ಕೆ ದುಃಖಿಸಬೇಡಿ.

ಇನ್ನು ಫೈಲು. ಸರ್ಕಾರಿ ನೇರ ಸಂದರ್ಶನಕ್ಕೆ ಎಸ್ಸೆಸ್ಸೆಲ್ಸಿಯಿಂದ ಪದವಿಯ ತನಕದ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅನುಭವ ಪತ್ರ, ಕಂಪ್ಯೂಟರ್ ತರಬೇತಿಯ ಪತ್ರ, ಆಧಾರ್, ಫೋಟೊ ಬೇಕು. ಮೂಲ ಪ್ರತಿಗಳು ಒಂದು ಕಡೆ, ದೃಢೀಕರಿಸಿದ ಎರಡು ಸೆಟ್ ಜೆರಾಕ್ಸ್ ಇನ್ನೊಂದು ಕಡೆ ಇರಲಿ. ಪ್ರಕಟಣೆಯಲ್ಲಿ ಹೇಳಿದ ಕ್ರಮದಲ್ಲೇ ಜೋಡಿಸಿ. ಪ್ರಮಾಣಪತ್ರದ ಅವಧಿ ಮುಗಿದಿದೆಯೇ ಎಂದು ವಾರ ಮೊದಲೇ ನೋಡಿಕೊಂಡರೆ ನಾಡಕಚೇರಿಗೆ ಓಡುವ ಪಾಡು ತಪ್ಪುತ್ತದೆ. ಆಸ್ಪತ್ರೆಯ ಕೆಲಸಕ್ಕೆ ಬರುವವರ ಫೈಲೇ ಅಸ್ತವ್ಯಸ್ತವಾಗಿದ್ದರೆ ರೋಗಿಗಳ ಫೈಲನ್ನು ಇವರ ಕೈಗೆ ಹೇಗೆ ಕೊಡುವುದು ಎಂದು ಯಾರಿಗಾದರೂ ಅನಿಸುತ್ತದೆ. ಉಗಾರ, ಕುಡಚಿ, ರಾಯಬಾಗದವರಿಗೆ ಮಿರಜ–ಬೆಳಗಾವಿ ರೈಲು ಮಾರ್ಗವಿದೆ, ಅಥಣಿಯವರಿಗೆ ಬಸ್ಸೇ ಗತಿ. ಮಳೆಗಾಲವಾದರೆ, ಹತ್ತು ಗಂಟೆಯ ಸಂದರ್ಶನಕ್ಕೆ ಹಿಂದಿನ ಸಂಜೆಯೇ ಬೆಳಗಾವಿ ಸೇರಿಕೊಳ್ಳಿ.

ಕೊನೆಯಲ್ಲಿ ‘ನೀವೇನಾದರೂ ಕೇಳುವುದಿದೆಯೇ?’ ಎನ್ನುತ್ತಾರೆ. ಏನೂ ಇಲ್ಲ ಸರ್ ಎಂದು ಎದ್ದು ಬರಬೇಡಿ. ಮೊದಲ ತಿಂಗಳು ಯಾರ ಕೈಕೆಳಗೆ ಕಲಿಯುತ್ತೇನೆ, ರಾತ್ರಿ ಪಾಳಿ ಇದೆಯೇ, ಹೆಣ್ಣುಮಕ್ಕಳಿಗೆ ಪಾಳಿ ಮುಗಿದ ಮೇಲೆ ಮನೆ ಸೇರುವ ವ್ಯವಸ್ಥೆ ಏನು ಎಂದು ಕೇಳುವುದು ಉದ್ಧಟತನವಲ್ಲ. ಸಂಬಳದ ಮಾತು ಬಂದಾಗ ಕೈಗೆ ಎಷ್ಟು, ಕಡಿತ ಎಷ್ಟು ಎಂದು ಬಿಡಿಸಿ ಕೇಳಿ. ಸದ್ಯ ತಿಂಗಳಿಗೆ 21,000 ರೂಪಾಯಿಯ ತನಕ ವೇತನವಿರುವ ನೌಕರರಿಗೆ ಇಎಸ್‌ಐ ಅನ್ವಯಿಸುತ್ತದೆ. ಅದರಲ್ಲಿ ನಿಮ್ಮ ಪಾಲು ವೇತನದ ಶೇ. 0.75, ಮಾಲೀಕರದು ಶೇ. 3.25. ಮಾಲೀಕರ ಪಾಲನ್ನೂ ನಿಮ್ಮ ಸಂಬಳದಿಂದಲೇ ಮುರಿದುಕೊಳ್ಳುವಂತಿಲ್ಲ. ಗುತ್ತಿಗೆಯಾದರೆ ಅವಧಿ ಎಷ್ಟು, ನವೀಕರಣ ಯಾವ ತಿಂಗಳು, ಸಹಿ ಮಾಡಿಸಿಕೊಳ್ಳುವವರು ಆಸ್ಪತ್ರೆಯೋ ಹೊರಗುತ್ತಿಗೆ ಏಜೆನ್ಸಿಯೋ ಎನ್ನುವುದನ್ನು ಆದೇಶಪತ್ರದಲ್ಲಿ ಓದಿ, ಒಂದು ಪ್ರತಿ ಇಸಿದುಕೊಂಡ ಮೇಲೆಯೇ ಸಹಿ ಹಾಕಿ.